ಒತ್ತುವಾಗಲೇ ನಿಂತ ಯಂತ್ರ

೨೦೦೪ರ ಆಯುಧಪೂಜೆಯಂದು ಭದ್ರಾವತಿಯ ಒಂದು ಇಟ್ಟಿಗೆ ಶೆಡ್ಡಿನಲ್ಲಿ ನಡೆದದ್ದನ್ನು ಶೇಷಮ್ಮನವರಿಂದಲೂ ಅಭಯನಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಶೇಷಮ್ಮ ಆ ಶೆಡ್ಡಿನ ಹಿರಿಯ ಕೆಲಸಗಾರ್ತಿ. ಅಭಯ ಶಿವಮೊಗ್ಗದ ರಾಗಿಗುಡ್ಡದಲ್ಲಿ ಕುಳಿತು ಯಂತ್ರಗಳಿಗೆ ಪ್ರೋಗ್ರಾಂ ಬರೆದುಕೊಡುವವನು. ಇಟ್ಟಿಗೆ ಒತ್ತುವ ಯಂತ್ರದ ಬಾಳನ್ನು ಅವನು ನಾಲ್ಕು ಸ್ಥಿತಿಗಳಾಗಿ ಕಟ್ಟಿದ್ದ: ಕಾಯುವುದು, ತುಂಬುವುದು, ಒತ್ತುವುದು, ಎತ್ತುವುದು. ಒಂದರಲ್ಲಿರುವಾಗ ಇನ್ನೊಂದರಲ್ಲಿ ಇರುವಂತಿಲ್ಲ. ಕರೆಂಟು ಹೋಗಿ ಬಂದರೆ ಯಂತ್ರ ತಪ್ಪದೆ ಕಾಯುವ ಸ್ಥಿತಿಗೆ ಮರಳುತ್ತಿತ್ತು. ಹಸಿರು ಗುಂಡಿ ಒತ್ತುವವರೆಗೆ ಅಲುಗುತ್ತಿರಲಿಲ್ಲ.

ಈ ನಂಬಿಕೆಯ ಮೇಲೆ ಅಲ್ಲೊಂದು ಪದ್ಧತಿ ಬೆಳೆದಿತ್ತು. ಆಯುಧಪೂಜೆಯ ಮಂಗಳಾರತಿ ಎತ್ತುವಾಗ ಮಾಲೀಕ ಶಿವಶಂಕರಪ್ಪನವರು ಮೇನ್ ಸ್ವಿಚ್ ಹಾಕಬೇಕು. ಯಂತ್ರದ ದೀಪಗಳು ಕಣ್ಣುಬಿಟ್ಟ ಗಳಿಗೆಯಲ್ಲೇ ಶೇಷಮ್ಮ ಒತ್ತುವ ಫಲಕದ ಅಡಿಗೆ ಕೈಚಾಚಿ ಕುಂಕುಮ ಹಚ್ಚಬೇಕು.

ಆ ವರ್ಷ ಅಭಯ ಬಳಸುತ್ತಿದ್ದ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಸ್ಥಿತಿಗಳ ಚಿತ್ರ ಬರೆದರೆ ಪ್ರೋಗ್ರಾಂ ತಾನೇ ಸಿದ್ಧವಾಗುತ್ತಿತ್ತು. ಹಳೆಯ ಚಿತ್ರವನ್ನೇ ಅದರಲ್ಲಿ ತೆರೆದು, ಹುಟ್ಟಿದ ಹೊಸ ಪ್ರೋಗ್ರಾಮನ್ನು ಅವನು ಯಂತ್ರಕ್ಕೆ ತುಂಬಿ ಬಂದ. ಯಂತ್ರ ಓಡುವ ನಡುವೆ ಕರೆಂಟು ತೆಗೆದು ನೋಡಲಿಲ್ಲ.

ಹಬ್ಬದ ಬೆಳಿಗ್ಗೆ, ಆ ಸಾಫ್ಟ್‌ವೇರ್ ಮಾರುವ ಗೆಳೆಯ ಮುರಳಿ ಫೋನ್ ಮಾಡಿದ.

“ಹೊಸದು ಹಾಕಿದ್ಯೇನೋ? ಒಂದು ನೋಡ್ಕೋ ಮಾರಾಯ. ಇನ್ಮೇಲೆ ಕರೆಂಟ್ ಹೋದ್ರೂ ಅದಕ್ಕೆ ನೆನಪಿರುತ್ತೆ. ನಿಂತಲ್ಲಿಂದ್ಲೇ ಮುಂದುವರಿಯುತ್ತೆ. ಬೇಡ ಅಂದ್ರೆ ನಾವೇ ಆಫ್ ಮಾಡ್ಬೇಕು.”

ಅಭಯ ಮುರಳಿಯ ಮಾತನ್ನು ಅಲ್ಲಿಗೇ ತುಂಡರಿಸಿದ. ಕೂಡಲೇ ಶೆಡ್ಡಿಗೆ ಫೋನ್ ಮಾಡಿದ. ಮೆಕ್ಯಾನಿಕ್ ಪರಮೇಶ್ ಎತ್ತಿಕೊಂಡ.

“ಪರಮೇಶಣ್ಣ, ಮಿಷನ್ ಎಲ್ಲಿ ನಿಂತಿದೆ?”

“ಹಬ್ಬದ ದಿನ ಅದೆಲ್ಲಿಗೆ ಹೋಗುತ್ತೆ ಸಾರ್, ಶೆಡ್ಡಲ್ಲೇ ಇದೆ!” ಪರಮೇಶ್ ನಕ್ಕ. “ನಿನ್ನೆ ಒತ್ತೋವಾಗ್ಲೇ ಕರೆಂಟ್ ಹೋಯ್ತು. ಪ್ಲೇಟು ಅರ್ಧಕ್ಕೆ ನಿಂತಿದೆ. ಮೇನ್ ಇಳಿಸಿ, ಹಂಗೇ ತೊಳೆದು ಹೂ ಹಾಕಿದ್ವಿ.”

“ಮೇನ್ ಹಾಕೋಕೆ ಬಿಡಬೇಡಿ! ಅದು ಅಲ್ಲಿಂದ್ಲೇ ಒತ್ತುತ್ತೆ! ಶೇಷಮ್ಮನ ಕೈ...”

ಅತ್ತ ಜಾಗಟೆ ಮೊಳಗಿತು. ಪರಮೇಶ್ ರಿಸೀವರ್ ಎಸೆದು ಓಡಿದ.

ಅಭಯ ಕೇಳುತ್ತ ನಿಂತ. ಜಾಗಟೆ, ಗಂಟೆ, ಯಾರದೋ ಆರತಿ ಹಾಡು. ಅವುಗಳ ಅಡಿಯಿಂದ ಮೋಟಾರಿನ ಗುಂಯ್‌ಗುಟ್ಟುವಿಕೆ ಎದ್ದಿತು. ಲೋಹ ನಜ್ಜಾಗುವ ಸದ್ದು. ಜಾಗಟೆ ತಟ್ಟನೆ ನಿಂತಿತು; ಹಾಡೂ ನಿಂತಿತು. ಅವನು ತನ್ನ ಬಲಗೈಯನ್ನು ಎದೆಗೆ ಅವುಚಿಕೊಂಡ.

“ಯಾವನ್ಲಾ ಅವ್ನು, ನನ್ ಸೆರಗು ಎಳ್ದೋನು!”

ಅದು ಶೇಷಮ್ಮನ ಬೈಗುಳ. ಪರಮೇಶ್ ಅವರನ್ನು ಹಿಂದಕ್ಕೆ ಸೆಳೆದಿದ್ದ. ಫಲಕದಡಿ ಸಿಕ್ಕಿಕೊಂಡದ್ದು ಕುಂಕುಮದ ಬಟ್ಟಲು ಮಾತ್ರ.

ಮರುದಿನ ಅಭಯ ಭದ್ರಾವತಿಗೆ ಹೋಗಿ ಯಂತ್ರದ ಆ ನೆನಪನ್ನು ತೆಗೆದುಹಾಕಿದ. ಮತ್ತೆಮತ್ತೆ ಕರೆಂಟು ತೆಗೆದು ಪರೀಕ್ಷಿಸಿದ. ಆದರೂ ಯಂತ್ರದ ಹತ್ತಿರ ಯಾರೂ ಸುಳಿಯಲಿಲ್ಲ.

“ಸರಿ ಮಾಡಿದೀನಿ ಶೇಷಮ್ಮ. ಏನೂ ಆಗಲ್ಲ.”

“ನಿನ್ನೆನೂ ಏನೂ ಆಗಲ್ಲ ಅಂತ್ಲೇ ಕೈ ಇಟ್ಟಿದ್ದು. ಈವತ್ತು ನೀವು ಇಡಿ ಸಾರ್. ಮೇನ್ ನಾನು ಹಾಕ್ತೀನಿ.”

ಯಾರೂ ನಗಲಿಲ್ಲ. ಯಂತ್ರ ಓಡಿಸಿ, ಒತ್ತುವ ನಡುವೆ ಪರಮೇಶ್ ಮೇನ್ ಇಳಿಸಿದ. ಅರ್ಧಕ್ಕೆ ನಿಂತ ಫಲಕದಡಿಗೆ ಅಭಯ ಕೈಯಿಟ್ಟ. ಕಬ್ಬಿಣ ತಣ್ಣಗಿತ್ತು. ತಾನೇ ಬರೆದದ್ದು, ತಾನೇ ಪರೀಕ್ಷಿಸಿದ್ದು. ಆದರೂ ಆ ನಾಲ್ಕು ಸ್ಥಿತಿಗಳಲ್ಲಿ ಕಾಯುವುದಾದ ಮೇಲೆ ಯಾವುದು ಬರುತ್ತದೆಂಬುದೇ ಅವನಿಗೆ ಹೊಳೆಯದಾಯಿತು.

ಶೇಷಮ್ಮ ಅವನ ಮುಖವನ್ನೇ ನೋಡುತ್ತ ಮೇನ್ ಸ್ವಿಚ್ಚಿನ ಹಿಡಿ ಎತ್ತಿದರು.

ದೀಪಗಳು ಹತ್ತಿದವು. ಫಲಕ ಅಲುಗಲಿಲ್ಲ.

“ಆಯ್ತು, ತೆಗೀರಿ ಸಾರ್.”

ಅಭಯನಿಂದ ಆಗಲಿಲ್ಲ, ಕೈ ಅವನ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಶೇಷಮ್ಮನೇ ಮೇನ್ ಇಳಿಸಿ ಬಂದು, ಅವನ ಮಣಿಕಟ್ಟು ಹಿಡಿದು, ಕೈಯನ್ನು ಮೆಲ್ಲನೆ ಹೊರಗೆ ತಂದರು.