ಮೂರು ತಾಸಿನ ನೀರು

ಸತ್ಯವ್ವ ಮನೆಯ ಗೋಡೆ ಗಡಿಯಾರವನ್ನೇ ಕಿತ್ತು ತಂದು ಬಾವಿಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಸರಿಯಾಗಿ ಒಂಬತ್ತಕ್ಕೆ ಮೈದುನ ಲಗಮಣ್ಣ ತನ್ನ ಮೋಟರ್ ಬಂದ್ ಮಾಡಿ ಬಂದ.

"ಗಡಿಯಾರ ಹೊತ್ತಗೊಂಡ ಬಂದೀರೇನ್ರಿ ವೈನಿ? ನಾಳೆ ಗ್ವಾಡಿನೂ ತರ್ರಿ."

"ನಿನ್ನ ಕೈಗಡಿಯಾರದ ಮ್ಯಾಲ ನಂಬಿಗಿಲ್ಲ ನನಗ. ಸರಿ ಅತ್ಲಾಗ, ನನ್ನ ಪಾಳಿ."

ಸಿರಸಂಗಿಯ ಆ ಬಾವಿ ಅಣ್ಣತಮ್ಮಂದಿರ ಪಾಲಿನದು. ಕರೆಂಟು ಬಂದ ಮೊದಲ ಮೂರು ತಾಸು ತಮ್ಮನಿಗೆ, ಮುಂದಿನ ಮೂರು ತಾಸು ಅಣ್ಣನಿಗೆ. ಗಂಡ ತೀರಿಕೊಂಡ ಮೇಲೂ ಸತ್ಯವ್ವ ಆ ಮಾತನ್ನು ಮುರಿದಿರಲಿಲ್ಲ. ಈ ಬೇಸಿಗೆಯಲ್ಲಿ ಮಾತ್ರ ಅವಳ ಪಂಪು ತಾಸಿನೊಳಗೇ ಗಾಳಿ ಎಳೆಯತೊಡಗಿತ್ತು. ಗಡ್ಡೆ ಕಟ್ಟುವ ಹೊತ್ತಿಗೆ ಉಳ್ಳಾಗಡ್ಡಿ ಬಾಡಿ ಒರಗಿತ್ತು. ಬಾವಿಯೇ ಬತ್ತಿದೆ ಎನ್ನುತ್ತಿದ್ದ ಲಗಮಣ್ಣ. ಅವನ ಕಬ್ಬು ಮಾತ್ರ ಕಪ್ಪು ಹಸಿರು. ತನ್ನ ಪಾಳಿಯ ಹೊತ್ತನ್ನು ಕದಿಯುತ್ತಿದ್ದಾನೆಂದು ದಿನವೂ ಕಾದು ಕೂತರೂ ಕಳ್ಳ ಸಿಗಲಿಲ್ಲ.

ಒಂಬತ್ತನೆಯ ತರಗತಿಯ ಮಗಳು ಭಾಗೀರಥಿ ಪರೀಕ್ಷೆಗೆಂದು ಬೇವಿನ ನೆರಳಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. "ಏಕಮಾನ ಕಾಲದಲ್ಲಿ ಮಾಡಿದ ಕೆಲಸವೇ ಸಾಮರ್ಥ್ಯ."

"ಏನದು, ಮಂತ್ರಾನ?"

"ಅಲ್ಲ ಯವ್ವಾ. ನೀನೂ ನಾನೂ ಒಂದೊಂದು ಡ್ರಮ್ ನೀರು ಸೇದಿದ್ವಿ ಅಂತ ತಿಳಕೋ. ಕೆಲಸ ಇಬ್ಬರದೂ ಅಷ್ಟ. ನೀ ಲಗೂನ ತುಂಬಿಸಿದ್ರ ನಿನ್ನ ಸಾಮರ್ಥ್ಯ ಹೆಚ್ಚು. ಇಬ್ಬರೂ ಮೂರ್ಮೂರು ತಾಸು ಸೇದಿದ್ರ ನೀರೂ ನಿಂದ ಹೆಚ್ಚು."

ಸತ್ಯವ್ವ ಗಡಿಯಾರ ನೋಡುವುದನ್ನು ಬಿಟ್ಟಳು.

ಮರುದಿನ ಲಗಮಣ್ಣ ನೀರು ತಿರುವಲು ಕಬ್ಬಿನೊಳಗೆ ಹೋದದ್ದೇ ತಡ, ಔಷಧಿ ಹೊಡೆಯುವ ಡ್ರಮ್ಮನ್ನು ಅವನ ಪೈಪಿನ ಬಾಯಿಗೆ ಇಟ್ಟು ಎಲೆ ಅಡಿಕೆ ಬಾಯಿಗೆ ಹಾಕಿದಳು. ಅಡಿಕೆ ಒಡೆಯುವಷ್ಟರಲ್ಲಿ ಡ್ರಮ್ಮು ತುಂಬಿ ಹರಿಯಿತು. ತನ್ನ ಪಾಳಿ ಶುರುವಾದಾಗ ಅದನ್ನೇ ತನ್ನ ಪೈಪಿಗೆ ಇಟ್ಟಳು; ಎಲೆ ಜಗಿದು ಉಗುಳಿದರೂ ಡ್ರಮ್ಮು ಅರ್ಧವೇ ಇತ್ತು. ನೇರ ಅವನ ಶೆಡ್ಡಿಗೆ ನುಗ್ಗಿ ಗೋಣಿತಟ್ಟು ಎಳೆದಳು. ಒಳಗೆ ಹೊಸ ಮೋಟರು, ಹಳೆಯದರ ಎರಡರಷ್ಟು.

ಬಾಗಿಲಲ್ಲಿ ಲಗಮಣ್ಣ ನಿಂತಿದ್ದ.

"ಮೋಟರ್ ಸುಟ್ಟೈತಿ, ಬೈಲಹೊಂಗಲದಾಗ ವೈಂಡಿಂಗ್ ಮಾಡಿಸಿಕೊಂಡ ಬರ್ತೇನಿ ಅಂತ ಹೋಗಿದ್ದೆಲ್ಲೋ, ತಂದಿದ್ದು ಇದನ್ನೇನೋ?"

"ಮೂರು ತಾಸಿನ ಮ್ಯಾಲ ಒಂದ ಮಿನಿಟ ಹೊಡದೇನೇನ್ರಿ? ಪಾಳಿ ತಾಸಿಂದೈತಿ. ಅಣ್ಣಾನ ಮಾಡಿದ್ದು."

"ಅವ ಮಾಡಿದಾಗ ಎರಡೂ ಮೋಟರ್ ಒಂದ ಅಳತಿ ಇದ್ದುವು."

ಮಧ್ಯಾಹ್ನ ಬಾವಿ ಬರಿದಾದಾಗ ತಾಯಿ ಮಗಳು ಕೆಳಗಿಳಿದರು. ಬೆಳಿಗ್ಗೆ ನೀರು ನಿಂತಿದ್ದ ಒದ್ದೆ ಗುರುತಿನಿಂದ ತಳದವರೆಗೆ ಹಗ್ಗದಿಂದ ಅಳೆದು, ನಟ್ಟನಡುವೆ, ಎತ್ತಿನ ಕೋಡಿಗೆ ಬಳಿಯುವ ಕೆಂಪು ಬಣ್ಣದಿಂದ ಕಲ್ಲಿನ ಮೇಲೆ ಗೆರೆ ಎಳೆದರು.

ಬೆಳಗಾದಾಗ ಗೆರೆ ರಾತ್ರಿ ಒಸರಿ ತುಂಬಿದ ನೀರಿನಲ್ಲಿ ಮುಳುಗಿತ್ತು. ಇಬ್ಬರ ಕರೆಂಟಿಗೂ ಒಂದೇ ಫ್ಯೂಜ್ ಪೆಟ್ಟಿಗೆ. ಅದು ಇದ್ದದ್ದು ಸತ್ಯವ್ವನ ಶೆಡ್ಡಿನ ಗೋಡೆಗೆ. ಲಗಮಣ್ಣ ಮೋಟರ್ ಚಾಲು ಮಾಡಿ ಬಂದಾಗ ಅವಳು ಅದರ ಪಕ್ಕದಲ್ಲೇ ಬಂದು ನಿಂತಳು.

"ಇನ್ನ ತಾಸಿನ ಪಾಳಿ ಇಲ್ಲ. ಭಾಗೀರಥಿ ಲೆಕ್ಕ ಮಾಡ್ಯಾಳ, ಬಾವ್ಯಾಗ ನಟ್ಟನಡುವ ಕೆಂಪ ಗೆರಿ ಎಳದೇವಿ. ಅದು ಕಾಣೂತನಕ ನಿಂದು, ಆಮ್ಯಾಲ ನಂದು."

"ಹುಡುಗಿ ಪುಸ್ತಕ ಓದಿ ನಮಗ ಕಾಯ್ದೆ ಮಾಡತೈತೇನ?" ಎಂದ ಲಗಮಣ್ಣ. ಆದರೂ ಕಟ್ಟೆಯ ಅಂಚಿಗೆ ಬಂದು ಬಗ್ಗಿ ನೋಡಿದ. ನೀರು ಇಳಿಯುತ್ತಲೇ ಇತ್ತು. ಒದ್ದೆ ಕಲ್ಲಿನ ಮೇಲೆ ಕೆಂಪು ಮೊದಲು ಕೂದಲೆಳೆಯಷ್ಟು ಕಂಡಿತು, ಆಮೇಲೆ ಬೆರಳಗಲ.

ಸತ್ಯವ್ವ ಪೆಟ್ಟಿಗೆಯ ಬಾಗಿಲು ತೆರೆದು ಫ್ಯೂಜಿನ ಮೇಲೆ ಕೈ ಇಟ್ಟಳು. ಲಗಮಣ್ಣ ಅವಳ ಕೈಯನ್ನೇ ನೋಡಿದ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, ತನ್ನ ಶೆಡ್ಡಿನ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಅವನ ಮೋಟರಿನ ಸದ್ದು ನಿಂತಿತು. ಗೆರೆಯ ಕೆಳಗೆ ನೀರು ಒಮ್ಮೆ ತೂಗಾಡಿ ಸಮವಾಯಿತು.