ತಳದಾಗಿನ ಬರ್ಫ

ನಮ್ಮ ವೈನಿ ಶೀಲಾ, ನಮ್ಮಣ್ಣನ ಹೆಂಡ್ತಿ, ಆಕಿ ಬಾಯಿ ಸುಮ್ನ ಇರೂದಲ್ಲ. ನನ್ನ ಮಗಳು ಶ್ರುತಿನ್ನ ನೋಡಾಕ ಬಂದ ಹುನಗುಂದದವರ ಕಿವ್ಯಾಗ, "ಹುಡುಗಿಗೆ ಮೂರ್ಛಿ ಬರ್ತದ್ರಿ" ಅಂತ ಊದಿದ್ಲು. ಶುದ್ಧ ಸುಳ್ಳು! ಅವರು ಬಂದ ದಾರಿ ಹಿಡದ್ರು. ಅವತ್ತಿಂದ ನನ್ನ ಹೊಟ್ಟಿ ಉರಿಯಾಕ ಹತ್ತಿತ್ತು.

ಮರುವರ್ಷ, ಎರಡು ಸಾವಿರದ ಮೂರರ ಬ್ಯಾಸಗ್ಯಾಗ, ಆಕಿ ಮಗಳು ಪ್ರಿಯದರ್ಶಿನಿದು ನಿಶ್ಚಯ. ನವನಗರದ ನಮ್ಮಣ್ಣನ ಮನಿ ತುಂಬ ಬೀಗರು. ನಮ್ಮ ಮನಿತನದಾಗ ಬೀಗತಿ ಮೊದಲು ಥಣ್ಣನ್ನ ಶರಬತ್ತು ಕುಡೀಬೇಕು, ಆಮ್ಯಾಲೆ ಮಾತು. ಶರಬತ್ತಿನ ಹಂಡೆ ನನ್ನ ಪಾಲಿಗೆ ಬಂತು. ಬರಲಿ ಅಂದೆ.

ಬರ್ಫ, ಅಂದ್ರ ಐಸಿನ ಗಡ್ಡಿ, ನೀರಿನ ಮ್ಯಾಲೆ ತೇಲ್ತದ. ಅದರಿಂದ ಥಂಡಾದ ನೀರು ಭಾರಾಗಿ ಕೆಳಗಿಳೀತದ, ಬೆಚ್ಚನ್ನ ನೀರು ಮ್ಯಾಲೆ ಬರ್ತದ, ಹಿಂಗ ತಿರಗ್ಯಾಡಿ ಹಂಡೆಯೆಲ್ಲಾ ಥಣ್ಣಗಾಗ್ತದ. ಬರ್ಫ ತಳಕ್ಕ ಒತ್ತಿ ಇಟ್ರ? ಥಂಡಿ ತಳದಾಗ ಕುಂತುಬಿಡ್ತದ, ಬರ್ಫನೂ ಲಗೂನ ಕರಗೂದಿಲ್ಲ. ಶ್ರುತಿ ಕಾಲೇಜಿನ ಪಾಠ ಓದೂ ಮುಂದ ಮನ್ಯಾಗ ಮಾಡಿ ತೋರ್ಸಿದ್ಲು.

ಬರ್ಫದ ಅಂಗಡಿ ಮುರ್ತುಜಸಾಬ ಕೊಟ್ಟ ಬರ್ಫದ ಗಡ್ಡಿಯನ್ನ ಗುಂಡಕಲ್ಲಿನ ಜೋಡಿ ಅರಿವ್ಯಾಗ ಗಂಟು ಕಟ್ಟಿ ಮುಳುಗಿಸಿದೆ. ಯಾರರೆ ಸೌಟು ಆಡಿಸ್ಯಾರು ಅಂತ ಹಂಡೆ ಬಿಟ್ಟು ಕದಲಲಿಲ್ಲ.

ವೈನಿ ಬಂದು ಮ್ಯಾಲಿಂದಷ್ಟ ತಂಬಗಿ ತುಂಬಿ, ಶ್ರುತಿ ಕೈಯಾಗ ಕೊಟ್ಟು ಬೀಗತಿ ತಾಯವ್ವಗ ಕಳಿಸಿದ್ಲು. ತಾಯವ್ವ ಒಂದು ಗುಟುಕು ಕುಡದು ಮಾರಿ ಕಿವುಚಿದ್ಲು.

"ಏನ್ರಿ ಇದು, ಜಳಕಕ್ಕ ಕಾಸೀರೇನು?"

ಮಂದಿ ಗೊಳ್ಳಂತ ನಕ್ರು. ವೈನಿ ಮಾರಿ ಇಷ್ಟಾತು. ಆಹಾ, ನನಗ ಹೋಳಗಿ ಉಂಡಷ್ಟು ಖುಷಿ!

"ಬರ್ಫ ಹಾಕಾಕ ಶ್ರುತಿಗೆ ಹೇಳಿದ್ನಿರಿ," ಅಂದ್ಲು ವೈನಿ, ನಾಚಿಗಿಲ್ಲದ. "ಮರತಾಳ. ಪಾಪ, ಮೂರ್ಛಿ ಬ್ಯಾನಿ ಐತಿ ಆಕಿಗೆ."

ಎಲ್ಲಾರ ಕಣ್ಣು ನನ್ನ ಮಗಳ ಮ್ಯಾಲೆ. ತಂಬಗಿ ಹಿಡದ ಆಕಿ ಕೈ ನಡಗಾಕ ಹತ್ತಿತು. "ನೋಡ್ರಿ, ನೋಡ್ರಿ," ಅಂದ್ರು ಯಾರೋ.

ಬಾಯಿ ಮುಚ್ಚಿಕೊಂಡಿದ್ರ ನಾ ಉಳೀತಿದ್ದೆ, ಮಗಳು ಹಾಳಾಗ್ತಿದ್ಲು. ಹಂಡ್ಯಾಗ ಕೈ ಇಳಿಸಿ, ಗಂಟು ಎಳದು, ತಾಯವ್ವನ ಮುಂದ ಧಪ್ಪಂತ ಇಟ್ಟು ಬಿಚ್ಚಿದೆ. ಗಡ್ಡಿ ಅರ್ಧಾನೂ ಕರಗಿರಲಿಲ್ಲ.

"ಬರ್ಫ ಮುಳುಗಿಸಿದಾಕಿ ನಾ. ಶ್ರುತಿ ಮುಟ್ಟೇ ಇಲ್ಲ."

"ಯಾಕವಾ ಹಿಂಗ ಮಾಡಿದಿ?" ಅಂದ್ಲು ತಾಯವ್ವ.

"ಈ ಸುಳ್ಳು ಹೇಳೇ ಈಕಿ ನನ್ನ ಮಗಳ ಲಗ್ನ ಮುರದಾಳ್ರಿ. ಈಗ ನೀವೂ ಕೇಳಿದ್ರಲ್ಲ!"

ತಾಯವ್ವ ವೈನಿ ಕಡೆ ತಿರಗಿದ್ಲು. "ಹುಡುಗಿನ್ನ ಯಾವ ದವಾಖಾನ್ಯಾಗ ತೋರ್ಸ್ಯಾರ? ಹೇಳ್ರಿ, ನಾನ ಕೇಳ್ತೇನಿ."

ವೈನಿ ದವಾಖಾನಿ ಹೆಸರು ಬಿಟ್ಟು, "ಮೊದಲು ಊಟಕ್ಕ ಏಳ್ರಿ" ಅಂದ್ಲು. ತಾಯವ್ವ ಮಗನ್ನ ಎಬ್ಬಿಸಿಕೊಂಡು ಹೊಂಟ್ಲು, ಹಿಂದ ಬೀಗರೆಲ್ಲಾ ಹೊಂಟ್ರು.

ಒಳಗ ಪ್ರಿಯದರ್ಶಿನಿ ಅಳೂದು ಕೇಳಿಸ್ತು. ಅಳಲಿ. ನನ್ನ ಮಗಳೂ ಒಂದು ವರ್ಷ ಅತ್ತಾಳ.