ಎದುರು ಮನೆಯ ದುಂಡು ತೋರಣ

ಎನ್.ಆರ್. ಕಾಲೋನಿಯ ಪಾರ್ವತಮ್ಮನವರ ವಠಾರದಲ್ಲಿ ಬಾಗಿಲಿಗೆ ಹೂವಿನ ತೋರಣ ಕಟ್ಟುವುದೆಂದರೆ ಕಲ್ಯಾಣಮ್ಮನದೇ ಎತ್ತಿದ ಕೈ. ಇಪ್ಪತ್ತೆರಡು ವರ್ಷ ಈ ಮಾತಿಗೆ ಎದುರಾಡಿದವರಿಲ್ಲ. ಪಾರ್ವತಮ್ಮನವರ ಮಗಳು ದೀಪ್ತಿಗೆ ಕಾರ್ತೀಕದಲ್ಲಿ ಮದುವೆ ಗೊತ್ತಾದಾಗ, ಮದುವೆ ಮನೆಯ ಬಾಗಿಲು ತನ್ನದೇ ಎಂದುಕೊಂಡು ಕಲ್ಯಾಣಮ್ಮ ಮನಸ್ಸಿನಲ್ಲೇ ಸೇವಂತಿಗೆ ಆರಿಸತೊಡಗಿದ್ದಳು.

ಅಷ್ಟರಲ್ಲಿ ಎದುರು ಮನೆಗೆ ಬಾಡಿಗೆಗೆ ಬಂದಳು ಸುಪ್ರಜಾ. ಮದುವೆಯಾಗಿ ಎಂಟು ತಿಂಗಳಾಗಿತ್ತು; ಮಲ್ಲೇಶ್ವರದಲ್ಲೆಲ್ಲೋ ಕರಕುಶಲದ ಕ್ಲಾಸಿಗೆ ಹೋಗಿದ್ದವಳು. ತೊಂಬತ್ತೆಂಟರ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಅವಳು ಎಲ್ಲರಂತೆ ಉದ್ದದ ತೋರಣ ಕಟ್ಟಲಿಲ್ಲ. ಬಿದಿರಿನ ಸೀಳನ್ನು ಜರಡಿಯ ಅಂಚಿನಂತೆ ಬಗ್ಗಿಸಿ, ಸುತ್ತಲೂ ಹಳದಿ ಸೇವಂತಿಗೆ, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ದುಂಡಗೆ ಕಟ್ಟಿ ಬಾಗಿಲಿಗೆ ತೂಗುಹಾಕಿದಳು. ವಠಾರದ ಹೆಂಗಸರೆಲ್ಲ ನಿಂತು ನೋಡಿದರು.

"ಏನೋ ಹೊಸಾ ಥರ ಮಾಡಿದಾಳಲ್ಲ," ಎಂದರು ಪಾರ್ವತಮ್ಮ, ತಮ್ಮ ಮೆಟ್ಟಿಲ ಮೇಲಿನಿಂದಲೇ. "ಸಂಜೆ ಕುಂಕುಮಕ್ಕೆ ಬಂದಾಗ ಹತ್ರದಿಂದ ನೋಡ್ತೀನಿ. ಚೆನ್ನಾಗಿದ್ರೆ ದೀಪ್ತಿ ಮದುವೆಗೂ ಇವಳ ಕೈಲೇ ಮಾಡಿಸೋಣ."

ಕಲ್ಯಾಣಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. "ಬಾಗಿಲಿಗೆ ಯಾರಾದ್ರೂ ಕೊಡ ಹೊರೋ ಸಿಂಬೆ ನೇತು ಹಾಕ್ತಾರೇನ್ರೀ?" ಎಂದು ಗಂಡ ಶಿವಶಂಕರರ ಎದುರು ಮೂಗು ಮುರಿದಳು. ಅವರು ಪೇಪರಿನಿಂದ ತಲೆಯೆತ್ತಿ, "ಚೆನ್ನಾಗೇ ಇದೆಯಲ್ಲೇ," ಎಂದರು. ಆವತ್ತು ಅವರ ಎಲೆಗೆ ಎರಡನೇ ಒಬ್ಬಟ್ಟು ಬೀಳಲಿಲ್ಲ.

ಮಧ್ಯಾಹ್ನ ಸುಪ್ರಜಾ ತ್ಯಾಗರಾಜನಗರದ ತವರಿಗೆ ಹೋಗಿ ಬರುತ್ತೇನೆಂದು ಬಾಗಿಲೆಳೆದುಕೊಂಡು ಹೋದಳು. ಹಬ್ಬದೂಟ ಉಂಡ ವಠಾರ ಮಲಗಿತ್ತು. ಕಲ್ಯಾಣಮ್ಮ ಸ್ಟೂಲು ತಂದು ಎದುರು ಬಾಗಿಲಿಗಿಟ್ಟು ಹತ್ತಿದಳು. ನಾಲ್ಕು ಗಂಟು ಸಡಿಲಿಸಿದರೆ ಸಾಕು, ಸಂಜೆ ಪಾರ್ವತಮ್ಮನ ಕಣ್ಣೆದುರೇ ಹೂವೆಲ್ಲ ಉದುರುತ್ತದೆ.

ಹತ್ತಿರದಿಂದ ನೋಡಿದರೆ ಸಡಿಲಿಸಲು ಏನೂ ಉಳಿದಿರಲಿಲ್ಲ. ಹುಡುಗಿ ಬಾಳೆನಾರನ್ನು ನೆನೆಸದೆ, ಒಣಗಿದ್ದನ್ನೇ ಸುತ್ತಿದ್ದಳು. ಸುತ್ತು ಒಂದೇ, ಗಂಟು ನೆಪಕ್ಕೆ. ಹೂ ಆಗಲೇ ಜಾರುತ್ತಿದ್ದವು. ಸುಮ್ಮನೆ ಇಳಿದು ಹೋಗಿದ್ದರೆ ಆಗುತ್ತಿತ್ತು. ಕಲ್ಯಾಣಮ್ಮ ಇಳಿದಳು ನಿಜ. ಆದರೆ ಮನೆಯಿಂದ ಒದ್ದೆ ನಾರು ತಂದು ಮತ್ತೆ ಹತ್ತಿದಳು. ಜಾರುವ ಹೂವನ್ನು ಕಂಡೂ ಹಾಗೇ ಬಿಟ್ಟು ಬರುವುದು ಅವಳ ಬೆರಳುಗಳಿಗೆ ಗೊತ್ತಿರಲಿಲ್ಲ. "ಇದೂ ಒಂದು ಕಟ್ಟೋ ರೀತಿನಾ," ಎಂದು ಬೈಯುತ್ತಲೇ ಎರಡೆರಡು ಸುತ್ತು ಸುತ್ತಿ, ಗಂಟು ಬಿಗಿದು, ಪೂರ್ತಿ ಮುಗಿಸಿದಳು. ತಾನೇನು ಮಾಡಿಟ್ಟೆ ಎಂದು ಹೊಳೆದದ್ದು ನೆಲಕ್ಕೆ ಕಾಲಿಟ್ಟ ಮೇಲೆ. ಬಿಚ್ಚೋಣವೆಂದರೆ ಗೇಟಿನ ಸದ್ದಾಯಿತು. ಸ್ಟೂಲು ಎತ್ತಿಕೊಂಡು ಒಳಗೆ ಓಡಿದಳು.

ಸಂಜೆ ಕಲ್ಯಾಣಮ್ಮನೂ ಕುಂಕುಮಕ್ಕೆ ಬಂದು ನಿಂತಿದ್ದಾಗ ಪಾರ್ವತಮ್ಮ ಒಂದು ಸೇವಂತಿಗೆ ಹಿಡಿದು ಎಳೆದು ನೋಡಿದರು. ಅದು ಕದಲಲಿಲ್ಲ.

"ಗಂಟು ನೋಡಿ ಕಲ್ಯಾಣಮ್ಮ. ಈ ವಯಸ್ಸಿಗೇ ಎಂಥಾ ಕೈ ಇವಳದು. ಮದುವೆ ಬಾಗಿಲು ಇವಳಿಗೇ ಬಿಟ್ಬಿಡೋಣ, ಏನಂತೀರಿ?"

ಅದು ನನ್ನ ಗಂಟು ಎನ್ನಲು ಕಲ್ಯಾಣಮ್ಮ ಬಾಯಿ ತೆರೆದಳು. ಯಾರೂ ಇಲ್ಲದ ಹೊತ್ತಲ್ಲಿ ಅಲ್ಲಿ ಸ್ಟೂಲು ಹಾಕಿಕೊಂಡು ಯಾಕೆ ಹತ್ತಿದ್ದಿರಿ ಎಂದು ಕೇಳಿದರೆ ಏನು ಹೇಳುವುದು? ಕೈ ಕೆಸರಾದದ್ದು ತನ್ನದು, ಬಾಯಿ ಮೊಸರಾದದ್ದು ಆ ಹುಡುಗಿಯದು.

"ಹೂಂ, ಚೆನ್ನಾಗೇ ಕಟ್ಟಿದಾಳೆ," ಎಂದಳು.

ಸುಪ್ರಜಾ ತಾಂಬೂಲ ಕೊಟ್ಟು, ಕಲ್ಯಾಣಮ್ಮನ ಕಾಲಿಗೆ ನಮಸ್ಕರಿಸಿದಳು. "ಆಂಟಿ, ಮದುವೆ ಬಾಗಿಲು ದೊಡ್ಡದು, ಒಬ್ಬಳ ಕೈಲಿ ಆಗಲ್ಲ. ಹೂ ಎತ್ತಿ ಎತ್ತಿ ಕೊಡೋಕೆ ನೀವು ಬರ್ತೀರಾ?"

ಇಲ್ಲವೆಂದರೆ ಹೊಟ್ಟೆಕಿಚ್ಚು ಅಂದುಕೊಂಡಾರು.

"ಬರ್ತೀನಮ್ಮ," ಎಂದಳು ಕಲ್ಯಾಣಮ್ಮ.